ಕೆಂಪು ಪಟ್ಟಿ, ಕಿತ್ತಳೆ ಪಟ್ಟಿ

ಒತ್ತಿದ್ದು ಮೆನು ಬಟನ್, ಬದಲಾದದ್ದು ರೇಡಿಯೊದ ತರಂಗಾಂತರದ ಬ್ಯಾಂಡು. ನೀಲಕಂಠಪ್ಪ ಇನ್ನೊಮ್ಮೆ ಒತ್ತಿದರು. ಮತ್ತೆ ಅದೇ ಕಥೆ. ಹೊಸಕೆರೆಹಳ್ಳಿಯ ಮನೆಯಲ್ಲಿ, ಊಟದ ಮೇಜಿನ ಮೇಲೆ ಮೂರು ವಾರ ಬೆಸುಗೆ ಹಾಕಿ ತಾವೇ ಕಟ್ಟಿದ, ಹವ್ಯಾಸಿಗಳು ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೊ ಅದು. ದನಿಯೇನೋ ಚೆನ್ನಾಗಿ ಬರುತ್ತಿತ್ತು. ನಾಲ್ಕು ಬಟನ್‌ಗಳಲ್ಲಿ ಎರಡು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ.

ಎರಡು ತಿಂಗಳ ಹಿಂದೆ ಕಣ್ಣಿನ ಡಾಕ್ಟರು, "ಕಣ್ಣಿನ ನರ ಸೋಲ್ತಿದೆ. ಬಣ್ಣ ಮೊದಲು ಮಾಸುತ್ತೆ, ಹೋದದ್ದು ವಾಪಸ್ ಬರಲ್ಲ" ಅಂದಿದ್ದರು. ಹೆಂಡತಿ ಬಸವಲಿಂಗಮ್ಮನಿಗೆ ಅವರು ಹೇಳಿದ್ದು, ಕನ್ನಡಕದ ನಂಬರ್ ಬದಲಾಗಿದೆ ಅಂತಷ್ಟೇ. ಟೆಲಿಫೋನ್ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ, ರಸ್ತೆ ಅಗೆದ ಗುಂಡಿಯಲ್ಲಿ ಕೂತು ಬಣ್ಣಬಣ್ಣದ ತಂತಿ ಜೋಡಿಸಿದ ಮನುಷ್ಯನಿಗೆ ಬಣ್ಣ ಕಾಣುವುದಿಲ್ಲವಂತೆ! ಬಿಡಿಭಾಗ ಜೋಡಿಸಿ ರೇಡಿಯೊ ಕಟ್ಟುವ ಈ ಕಿಟ್ ತರಿಸಿದ್ದೇ ಆ ಸಿಟ್ಟಿಗೆ. ಒಂದೇ ಏಟಿಗೆ ಕೆಲಸ ಮಾಡಿದರೆ ಡಾಕ್ಟರು ಹೇಳಿದ್ದು ಸುಳ್ಳು ಎಂದು ಮನಸ್ಸಿನಲ್ಲೇ ಪಣ ಕಟ್ಟಿದ್ದರು. ಒಂದು ಬಿಡಿಭಾಗವನ್ನೂ ಮೀಟರ್‌ನಲ್ಲಿ ಅಳೆಯದೆ, ಮೈಮೇಲಿನ ಬಣ್ಣದ ಪಟ್ಟಿಯಿಂದಲೇ ಅದರ ಅಳತೆ ಗುರುತಿಸಿ ಕೂರಿಸಿದ್ದರು.

ಅಂದಮೇಲೆ ತಪ್ಪು ಕಿಟ್‌ನದೇ ಇರಬೇಕು. ಅದನ್ನು ಮಾರಿದ್ದ ಶಿವಕಿರಣ್‌ಗೆ ಬೆಳಿಗ್ಗೆ ಫೋನಿನಲ್ಲೇ ಗ್ರಹಚಾರ ಬಿಡಿಸಿದ್ದರು.

"ಸಾರ್, ನಾಲ್ಕೂ ಬಟನ್ ಒಂದೇ ತಂತಿಗೆ ಸೇರಿವೆ. ಒಂದೊಂದರ ಪಕ್ಕದ ರೆಸಿಸ್ಟರ್ ಎಷ್ಟು ಕರೆಂಟ್ ತಡೆಯುತ್ತೆ ಅನ್ನೋದ್ರಿಂದಾನೇ ಯಾವ್ದು ಒತ್ತಿದ್ರಿ ಅಂತ ರೇಡಿಯೊಗೆ ಗೊತ್ತಾಗೋದು. ಅವುಗಳ ಬಣ್ಣದ ಪಟ್ಟಿ ಒಂದ್ಸಲ ನೋಡ್ಬಿಡಿ" ಅಂದಿದ್ದ ಹುಡುಗ.

"ನನಗೆ ಬಣ್ಣ ಹೇಳ್ಕೊಡ್ತೀಯೇನಪ್ಪಾ?" ಎಂದು ಫೋನ್ ಕಟ್ ಮಾಡಿದ್ದರು.

ಆಮೇಲೆ ಬಟನ್ ಕಿತ್ತು ಹೊಸದು ಹಾಕಿದ್ದಾಯಿತು. ಬೆಸುಗೆಯನ್ನು ಮತ್ತೆ ಕಾಯಿಸಿದ್ದಾಯಿತು. ಜಪ್ಪಯ್ಯ ಅಂದರೂ ರೇಡಿಯೊ ಬಗ್ಗಲಿಲ್ಲ. ಕೊನೆಗೆ ಭೂತಗನ್ನಡಿ ಹಿಡಿದು ಎರಡು ರೆಸಿಸ್ಟರ್ ನೋಡಿದರು. ಮೂರನೆಯ ಪಟ್ಟಿ ಒಂದರಲ್ಲಿ ಕೆಂಪು, ಇನ್ನೊಂದರಲ್ಲಿ ಕಿತ್ತಳೆ ಇರಬೇಕಿತ್ತು. ಎರಡೂ ಒಂದೇ ಥರ ಮಾಸಲಾಗಿ ಕಂಡವು. ಕಟ್ಟುವಾಗ ಊಹೆಯ ಮೇಲೆ ಹಾಕಿದ್ದು ನೆನಪಾಯಿತು. ಆಗ ಅದನ್ನು ಊಹೆ ಎಂದು ಒಪ್ಪಿಕೊಂಡಿರಲಿಲ್ಲ.

ಮೀಟರ್ ಕೈಗೆಟುಕುವಂತೆಯೇ ಇತ್ತು. ಮುಟ್ಟಲು ಭಯವಾಯಿತು.

"ಇಲ್ಬಾರೇ. ಈ ಪಟ್ಟಿ ಯಾವ ಬಣ್ಣ?"

ಕಿಟಕಿಯ ಬಳಿ ಯಾರದೋ ಸೀರೆಗೆ ಫಾಲ್ ಹಚ್ಚುತ್ತಿದ್ದ ಬಸವಲಿಂಗಮ್ಮ ಸೂಜಿ ಹಿಡಿದುಕೊಂಡೇ ಬಂದು ಬಗ್ಗಿದರು. "ಇದು ಕಿತ್ತಳೆ, ಆ ಕಡೇದು ಕೆಂಪು. ಎದ್ದು ಕಾಣ್ತಿದೆಯಲ್ರೀ?"

ಎರಡರ ಜಾಗ ಅದಲುಬದಲಾಗಿತ್ತು. ನೀಲಕಂಠಪ್ಪ ಎರಡನ್ನೂ ಬಿಡಿಸಿ, ಜಾಗ ಬದಲಿಸಿ ಬೆಸುಗೆ ಹಾಕಿದರು. ಮೆನು ಒತ್ತಿದರೆ ಮೆನು ಬಂತು. ನಾಲ್ಕೂ ಸರಿಯಾಗಿ ಕೆಲಸ ಮಾಡಿದವು. ತಾವು ರಿಪೇರಿ ಮಾಡಿದ್ದು ಸರಿಹೋಗಬಾರದಿತ್ತು ಎಂದು ಜೀವಮಾನದಲ್ಲಿ ಮೊದಲ ಬಾರಿ ಅನ್ನಿಸಿತು.

ಫೋನ್ ತೆಗೆದು ಶಿವಕಿರಣ್‌ಗೆ ಮಾಡಿದರು. "ಬೆಳಿಗ್ಗೆ ನಾನು ಹಾಗೆ ಮಾತಾಡ್ಬಾರ್ದಿತ್ತು. ನಿನ್ನ ಕಿಟ್‌ನಲ್ಲಿ ತಪ್ಪಿಲ್ಲಪ್ಪ." ಹೆಂಡತಿಯ ಮುಖ ನೋಡಲಾಗದೆ ರೇಡಿಯೊ ನೋಡುತ್ತಾ ಹೇಳಿದರು, "ನನಗೇ ಬಣ್ಣ ಕಾಣ್ತಿಲ್ಲ. ಕಣ್ಣಿನ ನರ ಹೋಗ್ತಿದೆಯಂತೆ. ಡಾಕ್ಟರ್ ಹೇಳಿ ಎರಡು ತಿಂಗಳಾಯ್ತು."

ಫೋನ್ ಇಟ್ಟ ಮೇಲೂ ತಲೆಯೆತ್ತಲಿಲ್ಲ. ಬಸವಲಿಂಗಮ್ಮ ಸೂಜಿಯನ್ನು ಸೆರಗಿಗೆ ಸಿಕ್ಕಿಸಿಕೊಂಡು, ಪಕ್ಕದ ಕುರ್ಚಿ ಎಳೆದು ಕೂತರು.

"ಇದನ್ನ ನನಗೆ ಹೇಳೋಕೆ ಆ ಹುಡುಗನಿಗೆ ಫೋನ್ ಮಾಡ್ಬೇಕಿತ್ತೇನ್ರೀ?"