ಬಂದರು ಮುಚ್ಚಿದ್ದ ದಿನ

ಮುಚ್ಚಿತ್ತು, ಬಂದರು ಮುಚ್ಚಿತ್ತು ಅಂತ ಬರೆದಿದ್ದಾಳೆ, ಎಷ್ಟು ಸಲೀಸಾಗಿ ಬರೆದಿದ್ದಾಳೆ ನೋಡು, ಪೆನ್ನು ಎಲ್ಲೂ ತಡವರಿಸಿಲ್ಲ — ಅವನು ಎದುರು ಮೇಜಿನ ಅನುವಾದಕಿಯನ್ನು ಓರೆಗಣ್ಣಿನಿಂದ ನೋಡಿದ, ಒಂದು ಮಾತಾಡಿ ಬಾಯಿ ಮುಚ್ಚುವ ಅವಳಿಗೆ ಕಚೇರಿಯವರಿಟ್ಟ ಹೆಸರು ಪೂರ್ಣವಿರಾಮ, ಪರದೇಶದ ಹಳೇ ಪತ್ರಿಕೆಗಳನ್ನು ಅನುವಾದಿಸಿ ಚೀಟಿ ಮಾಡಿ ಕೊಡುವವಳು ಅವಳು, ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಮಹಾಯುದ್ಧದ ದಿನಚರಿ ಕಟ್ಟುವವನು ಇವನು, ಎಲ್ಲಿ ಯಾರು ಶರಣಾದರು, ಎಲ್ಲಿ ಯಾವ ಮಂತ್ರಿ ಯಾರ ಕೈ ಕುಲುಕಿ ಬೆನ್ನಿಗೆ ಚೂರಿ ಹಾಕಿದ, ಎಲ್ಲ ಇವನ ಬೆರಳ ತುದಿಯಲ್ಲಿ, ಇವತ್ತಿನ ಚೀಟಿಯೊಂದು ಮಾತ್ರ ಬೆರಳು ಸುಡುತ್ತಿದೆ — ನೀರಿನಲ್ಲಿ ಬಾಂಬು ಹುದುಗಿಸಿದ್ದಾರೆಂದು ಬಂದರು ಬಂದ್, ಒಂದು ಹಡಗೂ ಹೊರಡಲಿಲ್ಲ. ಬಂದರು ಇವನ ಊರಿನದೇ, ದಿನ ಅಪ್ಪ ಯುದ್ಧಕ್ಕೆ ಹೊರಟ ದಿನ, ತನ್ನ ಹುಟ್ಟುಹಬ್ಬದ ದಿನ, ಮರೆಯುವುದುಂಟೇ, ಸೋದರಮಾವನ ಹೆಗಲೇರಿ ಕೂತಿದ್ದಾನೆ, ಪಕ್ಕದಲ್ಲಿ ಅಮ್ಮ, ಅಗೋ ನೋಡೋ, ನಿಮ್ಮಪ್ಪ ಕೈ ಬೀಸ್ತಿದಾರೆ, ದೂರದ ಹಡಗಿನ ಅಂಚಿನಲ್ಲಿ ಒಂದು ಕೈ, ಕೈಯಲ್ಲಿ ಬಿಳಿ ಬಟ್ಟೆ, ಮೇಲೆ ಕೆಳಗೆ, ಮೇಲೆ ಕೆಳಗೆ. ಅವಳದೇ ತಪ್ಪು, ಇನ್ನೇನು, ಪತ್ರಿಕೆಯ ತಾರೀಖನ್ನೇ ಘಟನೆಯ ತಾರೀಖು ಮಾಡಿಬಿಡುವುದು ಈ ಕೆಲಸಕ್ಕಂಟಿದ ಹಳೇ ರೋಗ, ಇವತ್ತು ಅಚ್ಚಾಗಿದ್ದರೆ ನಿನ್ನೆ ನಡೆದದ್ದು, ಮೇಡಂ, ಇದು ಪೇಪರಿನ ತಾರೀಖಾ, ನಡೆದ ತಾರೀಖಾ? ನಡೆದಿದ್ದು. ಖಾತ್ರಿನಾ? ಖಾತ್ರಿ. ಮುಗಿಯಿತು. ಎರಡು ಸಾಕ್ಷಿ ಇಲ್ಲದೆ ಒಂದು ಸಾಲೂ ಒಳಗೆ ಬರಬಾರದು ಅಂತ ಕಟ್ಟುನಿಟ್ಟು ಮಾಡಿದವನು ತಾನೇ, ಇರಲಿ, ಎರಡನೆಯದು ಕೊಡಿ ನೋಡೋಣ, ಕೊಟ್ಟೇಬಿಟ್ಟಳು, ಎದುರು ಪಾಳಯದ ಪತ್ರಿಕೆ, ಆ ವಾರವಿಡೀ ಬಂದ್ ಅಂತ ಅದರಲ್ಲೂ ಇದೆ. ಒಬ್ಬರ ಮುಖ ಒಬ್ಬರು ನೋಡದ ಎರಡು ಶತ್ರುದೇಶಗಳು, ಜಗತ್ತಿನಲ್ಲಿ ಒಂದು ಮಾತಿಗೂ ಒಪ್ಪದವರು, ತನ್ನ ಅಪ್ಪನ ವಿಷಯಕ್ಕೆ ಮಾತ್ರ ಕೂತು ಮಾತಾಡಿಕೊಂಡರೇ?

ಹಾಗಾದರೆ ಸುಳ್ಳು ಹೇಳಿದವರು ಈ ಕಡೆಯವರು. ಅಮ್ಮ. ಅಪ್ಪನ ಮಾತೆತ್ತಿದರೆ ಒಲೆ ಮೇಲೆ ಏನೂ ಇಲ್ಲದಿದ್ದರೂ ಅಡುಗೆಮನೆಗೆ ಓಡುತ್ತಿದ್ದ ಅಮ್ಮ, ಸಮವಸ್ತ್ರದಲ್ಲಿ ಒಂದು ಫೋಟೋ ಇಲ್ಲ, ಸರ್ಕಾರದಿಂದ ಸತ್ತ ಸುದ್ದಿಯೂ ಇಲ್ಲ, ಬದುಕಿದ ಸುದ್ದಿಯೂ ಇಲ್ಲ, ಲೋಕದ ಯುದ್ಧವನ್ನೆಲ್ಲ ಅನುಮಾನದಿಂದ ಓದಿದವನು ಮನೆಯದನ್ನು ಕಣ್ಣುಮುಚ್ಚಿ ನಂಬಿದನಲ್ಲ, ಅವನಿಗೆ ತನ್ನ ಮೇಲೇ ಸಿಟ್ಟು ಬಂತು, ಫೋನು ಎತ್ತಿದ, ಅಮ್ಮಾ, ಅಪ್ಪ ಹಡಗು ಹತ್ತಿದ್ದು ನಿಜ ತಾನೇ? ಊಟ ಆಯ್ತೇನೋ? ಅಮ್ಮಾ, ಅವತ್ತು ಬಂದರು ಮುಚ್ಚಿತ್ತು. ಎದುರು ಮೇಜಿನಲ್ಲಿ ಪೂರ್ಣವಿರಾಮ ಪತ್ರಿಕೆ ಮಡಚುವ ಸದ್ದು, ಕೇಳಿಸಿಕೊಳ್ಳುತ್ತಿದ್ದಾಳೆ, ಕೇಳಿಸಿಕೊಳ್ಳಲಿ — ಹಿಂದಿನ ದಿನಾನೇ ಹೋದ್ರು ಕಣೋ, ಇನ್ನೊಬ್ಬಳ ಜೊತೆ, ಯುದ್ಧಕ್ಕೆ ಹೋಗಿದಾರೆ ಅಂದ್ರೆ ನಿನ್ನನ್ನ ಯಾರೂ ಬೆರಳು ಮಾಡಿ ತೋರಿಸಲ್ಲ ಅಂತ ಮಾವ ಅಂದ, ನಾನೂ ಹೂಂ ಅಂದೆ, ನೀನು ಬೆಳಗಿಂದ ಅಪ್ಪಾ ಅಪ್ಪಾ ಅಂತ ಒಂದೇ ರಾಗ, ಅದಕ್ಕೇ ಕರ್ಕೊಂಡು ಹೋಗಿದ್ದು. ಮತ್ತೆ ಆ ಕೈ? ಯಾವ ಕೈಯೋ? ಬೀಸಿದ್ದು ಅಮ್ಮಾ, ಬಿಳಿ ಬಟ್ಟೆ. ಅಯ್ಯೋ ಅದಾ, ಹೊರಡದೆ ನಿಂತಿದ್ದ ಹಡಗಿನ ಯಾರೋ ಖಲಾಸಿ ಕಣೋ ಪುಟ್ಟಾ, ಒಗೆದ ಅಂಗಿ ಕೊಡವ್ತಿದ್ದ, ನೀನು ನಗ್ತಾ ಎರಡೂ ಕೈ ಬೀಸಿದೆ, ನಂಗೆ ಅಷ್ಟೇ ಸಾಕಾಗಿತ್ತು. ಫೋನು ಇಟ್ಟದ್ದು ಅಮ್ಮನೋ ತಾನೋ, ಬರೀರಿ ಅಂದಳು ಪೂರ್ಣವಿರಾಮ, ಯಾವತ್ತೂ ಇಲ್ಲದಷ್ಟು ಮೆಲ್ಲಗೆ, ಎರಡು ಸಾಕ್ಷಿ ಇದೆಯಲ್ಲ, ಬರೆಯಬೇಕು, ಬಂದರು, ಬಂದರು ಮುಚ್ಚಿ — ಒದ್ದೆ ಅಂಗಿ, ಹೆಸರು ಗೊತ್ತಿಲ್ಲದ ಕೈ, ಹನಿ ಹಾರುತ್ತಿದೆ, ಆ ಖಲಾಸಿ ಈ ಕಡೆ ತಿರುಗಿಯೂ ನೋಡಿಲ್ಲ, ಮೇಲೆ ಕೆಳಗೆ, ಮೇಲೆ ಕೆಳಗೆ