ಕೋಳಿಯ ತಲೆ ಯಾರ ಕಡೆಗೆ

ಸಂತೆಯ ಕೋಳಿ ಅಂಗಡಿಯವಳಿಗೆ ಸಿಯೋಕ್-ಲಾನ್ ಎಂದರೆ ಸ್ವಲ್ಪ ಭಯವೇ. ಎದೆಮೂಳೆಯ ತುದಿ ಒತ್ತಿ ನೋಡದೆ, ರೆಕ್ಕೆ ಎತ್ತಿ ಕೆಳಗಿನ ಚರ್ಮ ಮೂಸದೆ ಆಕೆ ಒಂದು ಕೋಳಿಯನ್ನೂ ಕೊಂಡವಳಲ್ಲ. ಅವತ್ತು ವರ್ಷದ ಕೊನೆಯ ಭೂದೇವರ ಪೂಜೆ, ಸಂಜೆ ಕೆಲಸಗಾರರಿಗೆಲ್ಲ ಮನೆಯಲ್ಲೇ ಊಟ. ದೇವರ ಮುಂದಿಡಲು ತಲೆ ಸಮೇತ ಇಡೀ ನಾಟಿ ಹೇಂಟೆ ಬೇಕು. ಉಳಿದದ್ದನ್ನು ಬಿಡಿಬಿಡಿಯಾಗಿ ಆರಿಸಿದಳು. ಎಳ್ಳೆಣ್ಣೆ, ಶುಂಠಿ ಹಾಕಿ ಬೇಯಿಸಲು ಮೂಳೆಸಹಿತ ತೊಡೆ, ಸೋಯಾ ಸಾಸಿನಲ್ಲಿ ಕುದಿಸಲು ರೆಕ್ಕೆ, ಕಡಲೆಕಾಯಿ ಸಾರಿಗೆ ಪಾದ. ಅಂಗಡಿಯವಳು ಎದೆಯ ಮಾಂಸ ತೋರಿಸಿದ್ದೇ ತಡ, ಮೂಗು ಮುರಿದಳು.

"ಅದು ಬೇಯಿಸಿದ್ರೆ ಹತ್ತಿ, ಹುರಿದ್ರೆ ಕಟ್ಟಿಗೆ. ವರ್ಷವೆಲ್ಲ ದುಡಿದೋರಿಗೆ ಅದನ್ನ ಬಡಿಸ್ಲಾ?"

ಮನೆಯ ಹಿಂದಿನ ಶೆಡ್ಡಿನಲ್ಲಿ ಹಿತ್ತಾಳೆ ನಲ್ಲಿಗಳಿಗೆ ಹೊಳಪು ಕೊಡುವ ಕೆಲಸ. ಲುಕಾಂಗ್ ಪೇಟೆಯ ಈ ಹೊರವಲಯದಲ್ಲಿ ಮನೆಗೊಂದು ಅಂಥ ಶೆಡ್ಡು. ಇಲ್ಲಿ ಅವಳ ಗಂಡ ಬುನ್-ಹೊಂಗ್ ಯಜಮಾನ. ಕೆಲಸಗಾರರಲ್ಲಿ ಎಲ್ಲರಿಗಿಂತ ಹಿರಿಯರು ಹೊಕ್ ದೊಡ್ಡಪ್ಪ. ರಕ್ತಸಂಬಂಧವಿಲ್ಲ, ಆದರೆ ತಂದೆ ತೀರಿಕೊಂಡಾಗ ಬುನ್-ಹೊಂಗ್‌ಗೆ ಈ ಕಸುಬಿನ ಅ ಆ ಇ ಈ ಹೇಳಿಕೊಟ್ಟವರು ಅವರೇ. ಈಗ ಅವರ ಕೈ ನಡುಗುತ್ತದೆ. ಅವರು ಉಜ್ಜಿದ ನಲ್ಲಿಗಳು ಗೀರು ಬಿದ್ದು ವಾಪಸು ಬರುತ್ತವೆ.

ಹೇಂಟೆಯನ್ನು ಕುತ್ತಿಗೆ ಹಿಡಿದು ಕುದಿಯುವ ನೀರಿಗೆ ಅದ್ದಿ ಎತ್ತಿ, ಮತ್ತೆ ಅದ್ದಿ, ಹೊಟ್ಟೆಯೊಳಗೂ ಬಿಸಿ ತುಂಬಿದ ಮೇಲೆ ಮುಳುಗಿಸಿ, ಒಲೆ ಆರಿಸಿ ಮುಚ್ಚಳ ಮುಚ್ಚಿದಳು. ಕುದಿಸಿ ಬೇಯಿಸುವವರು ಸೋಮಾರಿಗಳು ಎಂಬುದು ಅವಳ ಮತ. ಆಗಲೇ ಗಂಡ ಒಳಗೆ ಬಂದ.

"ಈ ಸಲ ಒಬ್ಬರನ್ನಾದ್ರೂ ಕೆಲಸದಿಂದ ಕಳಿಸ್ಲೇಬೇಕು," ಎಂದಳು. "ಹೊಕ್ ದೊಡ್ಡಪ್ಪಂಗೆ ವಯಸ್ಸಾಯ್ತು."

"ಆ ಮಾತು ಬೇಡ. ಬೇಕಾದ್ರೆ ಅವರನ್ನೇ ಕೇಳೋಣ, ಏನು ಮಾಡೋದು ಅಂತ."

"ಕೋಳೀನ ಕೇಳಿ ಮಸಾಲೆ ಅರೀತಾರಾ?"

ಬುನ್-ಹೊಂಗ್ ನಗಲಿಲ್ಲ. "ರಾತ್ರಿ ಕೋಳಿ ತಲೆ ನನ್ನ ಕಡೆಗೇ ಇರ್ಲಿ. ಅದು ಯಾರ ಕಡೆ ತಿರುಗುತ್ತೋ ಅವರ ಕೆಲಸ ಹೋಯ್ತು ಅಂತ ಎಲ್ರಿಗೂ ಗೊತ್ತು. ಹೋದ್ವರ್ಷ ಎದುರು ಶೆಡ್ಡಿನ ಊಟದಲ್ಲಿ ಕೊಕ್ಕು ಯಾರ ಕಡೆ ತಿರುಗಿತ್ತೋ ಅವನು ಮಾರನೇ ದಿನ ಕೆಲಸಕ್ಕೆ ಬರ್ಲಿಲ್ಲ. ಯಜಮಾನ ಅನ್ನಿಸ್ಕೊಂಡೋನು ಬಾಯಲ್ಲಿ ಹೇಳಕ್ಕಾಗದೆ ಕೋಳಿ ಕೈಲಿ ಹೇಳಿಸ್ದ, ಹೇಡಿ."

"ನಾನೇನು ನಿನ್ನೆ ಮೊನ್ನೆ ಈ ಮನೆಗೆ ಬಂದವಳಾ?"

ಪೂಜೆ ಮುಗಿದ ಮೇಲೆ ಕೋಳಿಯನ್ನು ಮರದ ದಿಮ್ಮಿಯ ಮೇಲಿಟ್ಟು, ಕೀಲು ನೋಡಿ ತೊಡೆ ಬಿಡಿಸಿ, ಬೆನ್ನು ಸೀಳಿ, ಮೂಳೆಸಹಿತ ತುಂಡು ಮಾಡಿದಳು. ಹಳದಿ ಚರ್ಮ ಎಲ್ಲೂ ಹರಿಯಲಿಲ್ಲ, ಮೂಳೆಯೊಳಗೆ ಬೇಕಾದಷ್ಟೇ ಕೆಂಪು. ಎಲ್ಲವನ್ನೂ ತಟ್ಟೆಯಲ್ಲಿ ಮತ್ತೆ ಕೋಳಿಯಂತೆಯೇ ಜೋಡಿಸಿ, ದೊಡ್ಡ ಮೇಜಿನ ನಡುವಿನ ತಿರುಗುವ ಗಾಜಿನ ಮೇಲೆ, ಕೊಕ್ಕು ಗಂಡನ ಕುರ್ಚಿಗೆ ಎದುರಾಗಿ ಇಟ್ಟಳು.

"ಯಜಮಾನ್ರೇ, ಕೋಳಿ ನಿಮ್ಮನ್ನೇ ನೋಡ್ತಿದೆ," ಎಂದ ಕಿಲಾಡಿ ಹುಡುಗ ಕಿಯೊಂಗ್. "ನಾಳೆಯಿಂದ ನೀವು ಬರ್ಬೇಡಿ."

ಎಲ್ಲರೂ ನಕ್ಕರು. ಹೊಕ್ ದೊಡ್ಡಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು. ಅವಳು ರೆಕ್ಕೆಯ ಬಟ್ಟಲು ತಂದಾಗ ಇಡಲು ಜಾಗವಿರಲಿಲ್ಲ. ಗಾಜನ್ನು ಸ್ವಲ್ಪ ತಿರುಗಿಸಿ, ಸಿಕ್ಕ ಸಂದಿನಲ್ಲಿ ಬಟ್ಟಲು ಇಟ್ಟಳು. ಗಾಜು ನಿಂತಾಗ ಕೊಕ್ಕು ನೇರವಾಗಿ ಹೊಕ್ ದೊಡ್ಡಪ್ಪನ ಎದೆಯ ಕಡೆಗಿತ್ತು.

ಅವಳ ಕೈ ಇನ್ನೂ ಗಾಜಿನ ಅಂಚಿನ ಮೇಲೇ ಇತ್ತು. ಬೆರಳಲ್ಲಿ ನೂಕಿದರೆ ಸಾಕಿತ್ತು. ಅವಳು ನೋಡಿದಳು. ನೂಕಲಿಲ್ಲ. ಇರಲಿ ಬಿಡು, ಹೇಳಲಾಗದ್ದು ಹೇಳಿದಂತಾಯಿತು ಎಂದು ಮನಸ್ಸಿನ ಒಂದು ಮೂಲೆ ಅಂದಿತು. ಉಗುಳು ನುಂಗುವಷ್ಟರಲ್ಲಿ ಮೇಜಿನ ಮಾತು ನಿಂತುಹೋಯಿತು.

ಬುನ್-ಹೊಂಗ್ ಆಚೆ ತಿರುಗಿ ಬಾಟಲಿ ಬಿಚ್ಚುತ್ತಿದ್ದ. ಅವನು ಈಚೆ ತಿರುಗುವ ಮುನ್ನ ಹೊಕ್ ದೊಡ್ಡಪ್ಪ ಕೋಳಿಯ ತಲೆಯನ್ನು ಊಟದ ಕಡ್ಡಿಗಳಲ್ಲಿ ಎತ್ತಿ ತಮ್ಮ ಬಟ್ಟಲಿಗೆ ಹಾಕಿಕೊಂಡರು.

"ಈ ತಲೆ ಮೇಲೆ ನನಗೆ ಆಗ್ಲಿಂದ ಕಣ್ಣಿತ್ತು," ಎಂದರು.

"ಮೇಜು ತಿರುಗಿದ್ದು ದೊಡ್ಡಪ್ಪ, ಬೇರೇನಿಲ್ಲ," ಎಂದ ಬುನ್-ಹೊಂಗ್, ತಟ್ಟೆ ನಿಂತ ದಿಕ್ಕು ನೋಡಿ ಮುಖ ಬಿಳಿಚಿಕೊಂಡು.

"ಗೊತ್ತಪ್ಪ. ನೀನು ಸುರಿ."

ಆಮೇಲೆ ಯಾರಿಗೂ ಏನೂ ರುಚಿಸಲಿಲ್ಲ. ಬಟ್ಟಲು ತೊಳೆಯಲು ತಂದಾಗ ಹೊಕ್ ದೊಡ್ಡಪ್ಪನ ಅನ್ನದ ಕೆಳಗೆ ಆ ತಲೆ ಹಾಗೇ ಇತ್ತು, ಮುಟ್ಟಿರಲಿಲ್ಲ. ಇಷ್ಟು ಚೆನ್ನಾಗಿ ಬೇಯಿಸಿದ ಕೋಳಿಯನ್ನು ಎಂಥ ಕೆಲಸಕ್ಕೆ ಬಳಸಿದೆ ಎಂದು ಸಿಯೋಕ್-ಲಾನ್‌ಗೆ ತನ್ನ ಮೇಲೇ ಅಸಹ್ಯವಾಯಿತು.

ಮರುದಿನ ಅವರು ಕೆಲಸಕ್ಕೆ ಬರಲಿಲ್ಲ. "ಗಾಜು ತಿರುಗಿಸುವಾಗ ಸ್ವಲ್ಪ ನೋಡ್ಬಾರ್ದಿತ್ತಾ," ಎಂದನೇ ಹೊರತು ಗಂಡ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾನೇ ಹೋಗಿ ಕರೆತರುತ್ತೇನೆ ಎಂದು, ಉಳಿದ ತೊಡೆ ಮಾಂಸವನ್ನು ಬಿಸಿಮಾಡಿ ಡಬ್ಬಿಗೆ ಹಾಕಿಕೊಂಡು ಹೊರಟಳು. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿದಳು, ಅದು ಮೇಜು ತಿರುಗಿದ್ದು ಎಂದು.

ಹೊಕ್ ದೊಡ್ಡಪ್ಪ ಅಂಗಳದಲ್ಲಿ ಈರುಳ್ಳಿ ಸೊಪ್ಪಿಗೆ ನೀರು ಹಾಕುತ್ತಿದ್ದರು. ಡಬ್ಬಿಯ ಕಡೆ ನೋಡಲೂ ಇಲ್ಲ.

"ಒಂದೇ ಮಾತು ಹೇಳಮ್ಮ. ಹಾಗಿಡು ಅಂತ ಅವನು ಹೇಳಿದ್ನಾ?"

"ಇಲ್ಲ ದೊಡ್ಡಪ್ಪ."

"ಹೆಂಡ್ತಿ ಕೈಲಿ ಮಾಡ್ಸಿ, ತಾನು ಆ ಕಡೆ ತಿರುಗಿ ಬಾಟ್ಲಿ ಬಿಚ್ತಾ ನಿಂತ ಅಂದ್ಕೊಂಡೆ. ನಾನು ಕೈ ಹಿಡಿದು ಕಲಿಸಿದ ಹುಡುಗ. ರಾತ್ರಿಯೆಲ್ಲ ಕಣ್ಣು ಮುಚ್ಚೋಕಾಗ್ಲಿಲ್ಲ."

ಬಾಯಿಪಾಠ ಮಾಡಿದ ವಾಕ್ಯವನ್ನು ಅವಳು ಅಲ್ಲೇ ಕೈಬಿಟ್ಟಳು. ಅದನ್ನು ಹೇಳಿದರೆ ಇವರು ನಂಬುವುದಿಲ್ಲ, ಏನೂ ಅರಿಯದ ಗಂಡನ ಮೇಲೆ ಆ ಅಪವಾದ ಹಾಗೇ ನಿಲ್ಲುತ್ತದೆ.

"ತಿರುಗಿಸಿದ್ದು ಗೊತ್ತಿಲ್ದೆ. ಆದ್ರೆ ನಿಮ್ಮ ಮುಂದೆ ಬಂದು ನಿಂತದ್ದು ಕಂಡೆ. ಕಂಡೂ ನೂಕ್ಲಿಲ್ಲ. ಅವರಿಗೇನೂ ಗೊತ್ತಿಲ್ಲ. ನಾನೇ."

ಬೈಗುಳ ಬರಲಿ ಎಂದು ಕಾದಳು. ಹೊಕ್ ದೊಡ್ಡಪ್ಪ ಚೊಂಬು ಕೆಳಗಿಟ್ಟು ಎದೆ ತುಂಬ ಉಸಿರೆಳೆದುಕೊಂಡರು. ಅವರ ಮುಖ ಅರಳಿತು.

"ನೀನಾ? ಸದ್ಯ. ಅವನಲ್ವಲ್ಲ."

ಅಷ್ಟೇ. ಅವಳ ಮೇಲೆ ಸಿಟ್ಟಿನ ಸುಳಿವೂ ಇರಲಿಲ್ಲ. ಅವಳಿಂದ ಅವರು ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಿಯೇ ಇರಲಿಲ್ಲವೇನೋ ಎಂದು ಹೊಳೆದಾಗ ಸಿಯೋಕ್-ಲಾನ್‌ಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅವನಿಗೆ ಇದೆಲ್ಲ ಹೇಳ್ಬೇಡ," ಎಂದರು. "ಗಂಡ ಹೆಂಡ್ತಿ ಮಧ್ಯೆ ಯಾಕೆ ಮನಸ್ತಾಪ. ಕೈ ನಡುಗೋದು ನನಗೂ ಗೊತ್ತಮ್ಮ. ಉಜ್ಜೋದು ಬಿಡಿಸಿ ನಲ್ಲಿ ಸುತ್ತಿ ಡಬ್ಬಕ್ಕೆ ತುಂಬೋಕೆ ಹಾಕಿ ಅಂತ ನಾನೇ ಕೇಳ್ಬೇಕು ಅಂತಿದ್ದೆ. ನೀವು ಕೇಳಿದ್ರೂ ಅದನ್ನೇ ಹೇಳ್ತಿದ್ದೆ."

ಮಾರನೇ ದಿನ ಅವರು ಬಂದರು. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಾಗ ಬುನ್-ಹೊಂಗ್ ಎದ್ದು ನಿಂತ. ಅವನಿಗೆ ಕಣ್ಣು ತುಂಬಿತ್ತು.

"ಇವಳು ಹೋಗಿ ಕರೀದಿದ್ರೆ ನಾನು ದೊಡ್ಡಪ್ಪನ್ನ ಕಳ್ಕೊಂಡೇಬಿಡ್ತಿದ್ದೆ. ಇಂಥ ಹೆಂಡ್ತಿ ಸಿಗೋಕೆ ಪುಣ್ಯ ಮಾಡಿರ್ಬೇಕು. ಎಲ್ರೂ ಚಪ್ಪಾಳೆ ತಟ್ಟಿ."

ಎಲ್ಲರೂ ತಟ್ಟಿದರು. ಹೊಕ್ ದೊಡ್ಡಪ್ಪ ಕೂಡ, ಆ ನಡುಗುವ ಕೈಗಳಲ್ಲೇ, ಅವಳನ್ನು ನೋಡಿ ನಗುತ್ತಾ ತಟ್ಟಿದರು. ಸಿಯೋಕ್-ಲಾನ್ ತಲೆ ತಗ್ಗಿಸಿದಳು.

"ನೋಡಿ, ಯಜಮಾನಮ್ಮಂಗೆ ಹೊಗಳಿದ್ರೆ ಆಗಲ್ಲ," ಎಂದ ಕಿಯೊಂಗ್.

ಸಾರು ಆರಿಹೋಗುತ್ತದೆ ಎಂದು ಹೇಳಿ ಅವಳು ಅಡುಗೆಮನೆಗೆ ಹೋದಳು. ಚಪ್ಪಾಳೆ ಪೂರ್ತಿ ನಿಲ್ಲುವವರೆಗೆ ಗೋಡೆಗೆ ಮುಖ ಮಾಡಿ ಅಲ್ಲೇ ನಿಂತಿದ್ದಳು.