ಕೆಂಪು ಹಾಜರಿ

"ಏ ಕರುಳು! ಕಣ್ಣಲ್ಲಿ ಏನಿಟ್ಕೊಂಡಿದ್ದೀಯೇ, ಕೋಳಿ ಹಿಕ್ಕೆನಾ?"

ಸೂಪರ್‌ವೈಸರ್ ಎಸೆದ ಕೋಳಿ ಅವಳ ಎದೆಗೆ ಬಡಿದು ಸ್ಟೀಲ್ ಮೇಜಿನ ಮೇಲೆ ಬಿತ್ತು. ಕರುಳು ಅದರ ಹೊಟ್ಟೆಯಲ್ಲೇ ಇತ್ತು.

"ಒಂದು ತಪ್ಪಿಹೋಯ್ತು ಸಾರ್."

"ನಿಮ್ಮಮ್ಮಂಗೂ ಹಿಂಗೇ ಒಂದು ತಪ್ಪಿಹೋಗಿದ್ದಕ್ಕೇ ನೀನು ಹುಟ್ಟಿದ್ದು, ಲೌಡಿ. ಹಾಕು ಕೈ."

ಅವಳು ಕೈ ಹಾಕಿ ಕಿತ್ತಳು. ಅಷ್ಟರಲ್ಲಿ ಇನ್ನೆರಡು ಕೋಳಿ ಮುಂದೆ ಹೋಗಿದ್ದವು. ಓಡಿಹೋಗಿ ಅವನ್ನೂ ಕಿತ್ತು ಜಾಗಕ್ಕೆ ಬಂದಳು.

ಕೋಳಿ ಕಾರ್ಖಾನೆಯ ಆ ಶೆಡ್ಡಿನಲ್ಲಿ ಹೆಂಗಸರನ್ನು ಅವರು ಮಾಡುವ ಕೆಲಸದಿಂದಲೇ ಕರೆಯುತ್ತಿದ್ದರು. ಕತ್ತು ಕೊಯ್ಯುವ ಕೋಣೆ, ಕುದಿನೀರು, ಪುಕ್ಕ ಕೀಳುವ ಯಂತ್ರ ಇಷ್ಟನ್ನೂ ದಾಟಿ ಕೋಳಿಗಳು ಓಡುವ ಸರಪಳಿಯ ಕೊಕ್ಕೆಗಳಲ್ಲಿ ತಲೆಕೆಳಗಾಗಿ ತೂಗಿಕೊಂಡು ಒಳಗೆ ಬರುತ್ತಿದ್ದವು. ಮೊದಲಿಗೆ ನಿಂತ ಹುಡುಗಿ ಕತ್ತರಿ. ಹಿಂಭಾಗ ಸೀಳುವುದು ಅವಳ ಕೆಲಸ. ನಂತರ ಕರುಳು. ಅವಳ ಪಕ್ಕ ಗುಂಡಿಗೆ, ಎಲ್ಲರಿಗಿಂತ ಹಳಬಳು. ಆಮೇಲೆ ತೊಳೆಯುವವರು. ಕೊನೆಗೆ ಗೋಡೆಯಲ್ಲಿ ಕೊಕ್ಕೆಗಳು ನುಸುಳುವ ಒಂದಡಿ ಅಗಲದ ಕಿಂಡಿ, ಅದರಾಚೆ ಐಸಿನ ಕೋಣೆ. ಕೊಕ್ಕೆಗೂ ಕೊಕ್ಕೆಗೂ ಒಂದಡಿ. ನಿಮಿಷಕ್ಕೆ ಇಪ್ಪತ್ತೆರಡು ಕೋಳಿ. ಅಂಥ ಮೂರು ಸಾಲು, ಮೂವತ್ತೆರಡು ಹೆಂಗಸರು.

ಸೂಪರ್‌ವೈಸರ್‌ಗೆ ಹೆಂಗಸರು ಇಟ್ಟ ಹೆಸರು ಸೀಟಿ. ಬಿಳಿ ಕೋಟು, ಕೈಯಲ್ಲಿ ಕೊಕ್ಕೆ ಸರಿಮಾಡುವ ಕಬ್ಬಿಣದ ಕಂಬಿ, ಕೊರಳಲ್ಲಿ ಸ್ಟೀಲಿನ ಸೀಟಿ. ಅದು ಜಾರಿ ಕೋಳಿಯ ಹೊಟ್ಟೆಗೆ ಬೀಳಬಾರದೆಂದು ಅದರ ನೈಲಾನ್ ದಾರವನ್ನು ಕೊರಳಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿಕೊಂಡಿರುತ್ತಿದ್ದ.

ಅಂದು ಕತ್ತರಿ ತನ್ನ ಎಡಗೈ ತೋರುಬೆರಳಿನ ತುದಿಯನ್ನು ಕತ್ತರಿಸಿಕೊಂಡಳು. ಕಿರುಚುತ್ತಾ, ಕರುಳಿನ ಮೊಣಕೈ ಹತ್ತಿರ ಕಂಬದಲ್ಲಿ ಹಸಿರು ಬಟನ್‌ನ ಪಕ್ಕವಿದ್ದ ಕೆಂಪು ಬಟನ್‌ಗೆ ಕೈ ಚಾಚಿದಳು. ಸೀಟಿಯ ಕಂಬಿ ಆ ಕೈ ಮೇಲೇ ಬಿತ್ತು.

"ಮುಟ್ಟಿದ್ರೆ ಕೈ ಕಡೀತೀನಿ. ಬೆರಳಿಗೆಲ್ಲ ಲೈನ್ ನಿಲ್ಲಲ್ಲ ಕಣೇ."

ಆಮೇಲೆ ಅವನು ಹನ್ನೊಂದು ಕೋಳಿಗಳನ್ನು ಇಳಿಸಿ ಹುಡುಕಿದ. ಬೆರಳ ತುದಿ ಏಳನೆಯದರಲ್ಲಿತ್ತು. ಅದನ್ನು ತ್ಯಾಜ್ಯದ ತೊಟ್ಟಿಗೆ ಎಸೆದು ಕೋಳಿಯನ್ನು ತೊಳೆಯಲು ಕಳಿಸಿದ.

ಆರು ವರ್ಷದ ಹಿಂದೆಯೇ ಕರುಳು ಕೀಳಲು ಕಲಿತವಳಿಗೆ ಆಗ ಬಾಯಿಗೆ ಕಟ್ಟಿದ ಬಟ್ಟೆಯೊಳಗೇ ವಾಂತಿಯಾಯಿತು. ಕೊಕ್ಕೆಗಳು ಬರುತ್ತಲೇ ಇದ್ದವು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಅವಳು ಮುಂದಿನ ಕೋಳಿಗೆ ಕೈ ಹಾಕಿದಳು.

ಪಕ್ಕದಲ್ಲಿದ್ದ ಗುಂಡಿಗೆ ನೋಡಿದಳು. ಊಟದ ಬಿಡುವಿನಲ್ಲಿ ನಲ್ಲಿಯ ಹತ್ತಿರ ಹಿಡಿದುಕೊಂಡಳು.

"ಎಷ್ಟಾಯ್ತು?"

"ಏನೆಷ್ಟು?"

"ನನ್ನತ್ರ ಬೇಡ. ನಾಲ್ಕು ಹೆತ್ತವಳು ನಾನು."

"ಬಸುರು ನಿಲ್ಲದ ಹಾಗೆ ಒಳಗೆ ವಂಕಿ ಹಾಕ್ಸಿದೀನಲ್ಲಕ್ಕ. ಹೋದ ತಿಂಗಳೂ ಒಂಚೂರು ಕಾಣ್ತು. ಅದನ್ನೇ ನರ್ಸಮ್ಮಂಗೆ ತೋರಿಸ್ದೆ."

"ವಂಕಿ! ನನ್ನ ಮೂರನೆಯವನು ವಂಕಿನ ಕೈಯಲ್ಲಿ ಹಿಡ್ಕೊಂಡೇ ಬಂದ. 'ತಗೋಳಮ್ಮ, ನಿಂದು, ಬಿದ್ದೋಗಿತ್ತು' ಅನ್ನೋ ಹಾಗೆ."

ಅವಳು ನಗಲಿಲ್ಲ. ಕಾಯಂ ಕಾರ್ಡು ಸಿಗಬೇಕಾದರೆ ಸತತ ಎರಡು ವರ್ಷ ಕೆಲಸ ಮಾಡಿರಬೇಕು. ಅವಳಿಗೆ ಇನ್ನು ಒಂಬತ್ತು ವಾರ ಬಾಕಿ ಇತ್ತು. ಕಾಯಂ ಆದವಳು ಬಸುರಿಯಾದರೆ ರಜೆ, ವಾಪಸು ಬಂದಾಗ ಅದೇ ಜಾಗ. ಕಾಯಂ ಆಗದವಳಿಗೆ ಅಂದೇ ಗೇಟು. ಮೊದಲ ಮಗಳ ಬಸುರಿನಲ್ಲಿ, ಐದನೇ ತಿಂಗಳಲ್ಲಿ, ಅವಳನ್ನು ಹೀಗೇ ಕಳಿಸಿದ್ದರು. ಮಗಳಿಗೆ ಎರಡು ತುಂಬಿದ ಮೇಲೆ ಮರಳಿ ಸೇರಿಸಿಕೊಂಡಾಗ ಎಣಿಕೆ ಮೊದಲ ದಿನದಿಂದ ಶುರುವಾಯಿತು. ವಂಕಿ ಹಾಕಿಸಿಕೊಂಡರೆ ಮಾತ್ರ ಎಂದು ಷರತ್ತೂ ಇತ್ತು. ಹಾಕಿದ್ದು ಕಾರ್ಖಾನೆಯ ನರ್ಸಮ್ಮನೇ.

*

ಗೆರೆ ಮೂಡುವ ಪಟ್ಟಿಯನ್ನು ಔಷಧಿ ಅಂಗಡಿಯಿಂದ ತಂದು ಮಾರನೇ ಬೆಳಿಗ್ಗೆ ಬಚ್ಚಲಲ್ಲಿ ನೋಡಿದಳು. ಎರಡು ಗೆರೆ. ಹೊರಗೆ ಅತ್ತೆ ಬಾಗಿಲು ಬಡಿಯುತ್ತಿದ್ದಳು.

"ಒಳಗೇ ಸಂಸಾರ ಹೂಡಿದ್ಯಾ? ಮಗು ಹಿಡ್ಕೊಂಡು ನಿಂತಿದೆ."

ನಾಲ್ಕು ವರ್ಷದ ಮಗಳನ್ನು ನೋಡಿಕೊಳ್ಳುವುದು ಅತ್ತೆ. ಆಕೆಯ ಎರಡೂ ಮಂಡಿ ಬಾತಿದ್ದವು. ಮಗು ಬಟ್ಟೆ ಒಣಹಾಕುವ ಹಗ್ಗಕ್ಕೆ ತನ್ನ ಗೊಂಬೆಯನ್ನು ಕಾಲಿಂದ ನೇತುಹಾಕಿ, ಹೊಲಿಗೆ ಬಿಟ್ಟ ಹೊಟ್ಟೆಯೊಳಗಿಂದ ಹತ್ತಿ ಎಳೆಯುತ್ತಿತ್ತು. "ಬೇಗ ಬೇಗ, ಲೌಡಿ" ಎನ್ನುತ್ತಿತ್ತು.

ಗಂಡ ಅದೇ ಕಾರ್ಖಾನೆಯ ಗೇಟಿನಲ್ಲಿ ಲಾರಿಯಿಂದ ಕೋಳಿ ಪಂಜರ ಇಳಿಸುವವನು. ಎರಡೂ ಕೈ ಮೊಣಕೈವರೆಗೆ ಕೊಕ್ಕಿನ ಗಾಯ. ಸಂಜೆ ಅವನು ಪಟ್ಟಿಯನ್ನು ಎರಡು ಸಲ ತಿರುಗಿಸಿ ನೋಡಿದ.

"ವಂಕಿ ಇತ್ತಲ್ಲೇ?"

"ಇತ್ತು."

"ಇದ್ದಮೇಲೆ ಹೆಂಗೆ? ಯಾರ್ದಿದು?"

ಉತ್ತರಕ್ಕೆ ಕಾಯದೆ ಹೊಡೆದ. ಅವಳ ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಎರಡನೆಯದಕ್ಕೆ ಕೈ ಎತ್ತಿದಾಗ ಅತ್ತೆ ಕೂತಲ್ಲಿಂದಲೇ ಹೇಳಿದಳು:

"ಹೊಡೆಯೋದಾದ್ರೆ ಹೊಟ್ಟೆ ಬಿಟ್ಟು ಹೊಡಿ."

ಆ ಕೈ ಕೆಳಗಿಳಿಯುವ ಮೊದಲೇ ಅವಳು ಅವನ ಮಣಿಕಟ್ಟು ಹಿಡಿದಳು. ನಿಮಿಷಕ್ಕೆ ಇಪ್ಪತ್ತೆರಡು ಕರುಳು ಕೀಳುವ ಕೈ ಅದು. ಅವನು ಎಳೆದ. ಬರಲಿಲ್ಲ. ಇನ್ನೊಂದು ಕೈಯಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದ. ಅದೂ ಆಗಲಿಲ್ಲ.

"ಬಿಡೇ. ನೋಯ್ತದೆ."

"ಕಾರ್ಡು ಬರೋ ತನಕ ಬಾಯಿ ಮುಚ್ಕೊಂಡಿರಬೇಕು. ಗೇಟಲ್ಲಿ ಯಾರ ಹತ್ರಾನೂ ಉಸಿರು ಬಿಡಬಾರದು. ಇಡೋದೋ ತೆಗೆಸೋದೋ ಆಮೇಲೆ ನಾನು ಹೇಳ್ತೀನಿ. ನೀವಲ್ಲ."

"ಸರಿ, ಬಿಡು ಮೊದಲು."

ಬಿಟ್ಟಳು. ಅವನ ಮಣಿಕಟ್ಟಿನ ಮೇಲೆ ಐದು ಗುರುತು ಎದ್ದಿದ್ದವು. ಮಗು ಗೊಂಬೆಯನ್ನು ಅಪ್ಪಿಕೊಂಡು ಅಜ್ಜಿಯ ಹಿಂದೆ ನಿಂತಿತ್ತು. ಅವನು ಮಣಿಕಟ್ಟು ನೀವಿಕೊಳ್ಳುತ್ತಾ ಮೂಲೆಯಿಂದಲೇ ಕೇಳಿದ.

"ಹಾಜರಿಗೆ ಏನು ಮಾಡ್ತೀಯ?"

*

ಅದನ್ನು ಹೆಂಗಸರು ಕೆಂಪು ಹಾಜರಿ ಎನ್ನುತ್ತಿದ್ದರು. ನರ್ಸಮ್ಮನ ಕೋಣೆಯ ಬಾಗಿಲ ಮೇಲೆ ಬರೆದಿದ್ದು 'ನೈರ್ಮಲ್ಯ ತಪಾಸಣೆ' ಎಂದು. ತಿಂಗಳಿಗೊಮ್ಮೆ ಪ್ರತಿಯೊಬ್ಬಳೂ ತನ್ನ ಮುಟ್ಟಿನ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು ತೋರಿಸಬೇಕು. ನರ್ಸಮ್ಮ ಚಿಮುಟದಲ್ಲಿ ಎತ್ತಿ ನೋಡಿ ಗುರುತಿನ ಕಾರ್ಡಿನ ಹಿಂದೆ ಠಸ್ಸೆ ಒತ್ತುತ್ತಾಳೆ. ಠಸ್ಸೆ ಇಲ್ಲದವಳು ಬಸುರಿ, ಇಲ್ಲವೇ ಮುದುಕಿ. ಇಬ್ಬರಿಗೂ ಗೇಟು ಒಂದೇ.

ದಾರಿ ಹೇಳಿಕೊಟ್ಟದ್ದು ಗುಂಡಿಗೆ. ಸೀಟಿ ಮೂರನೇ ಸಾಲಿಗೆ ಹೋದಾಗ ಹತ್ತು ಕೋಳಿ ಗುಂಡಿಗೆಗಳನ್ನು ಅಂಗೈಯಲ್ಲಿಟ್ಟು ಬಟ್ಟೆಯ ಮೇಲೆ ಹಿಂಡಿದಳು. ಕಪ್ಪಾದ ರಕ್ತ ಹೊರಬಂತು.

"ಒಂದು ದಿನ ಬಿಡು. ಅಂಚು ಕಂದು ಬಣ್ಣಕ್ಕೆ ತಿರುಗಬೇಕು. ಹಸೀದು ಕೊಟ್ಟರೆ ಸಿಕ್ಕಿಬೀಳ್ತೀಯ."

"ನಿಂಗೆ ಹೆಂಗೆ ಗೊತ್ತಕ್ಕ ಇದೆಲ್ಲ?"

"ಗುಂಡಿಗೆ ಬೇಕು, ಅಷ್ಟೇ."

ಮೊದಲ ತಿಂಗಳು ಠಸ್ಸೆ ಬಿತ್ತು. ನರ್ಸಮ್ಮ ಫೋನಿನಲ್ಲಿ ಮಾತಾಡುತ್ತಲೇ ಒತ್ತಿದಳು. ಎರಡನೆಯ ಹಾಜರಿಯ ದಿನ ಕಾರ್ಡಿಗೆ ಇನ್ನು ಎರಡು ವಾರ ಇತ್ತು. ಅಂದು ಫೋನು ಇರಲಿಲ್ಲ. ನರ್ಸಮ್ಮ ಬಟ್ಟೆಯನ್ನು ಟ್ಯೂಬ್‌ಲೈಟಿಗೆ ಹಿಡಿದಳು. ಮತ್ತೆ ಕಣ್ಣ ಹತ್ತಿರ ತಂದಳು. ಒಣಗಿದ ರಕ್ತದಲ್ಲಿ ಅಕ್ಕಿಕಾಳಿನಷ್ಟು ಉದ್ದದ ಬಿಳಿಯ ಪುಕ್ಕ ಅಂಟಿಕೊಂಡಿತ್ತು.

"ಮನುಷ್ಯರಿಗೆ ಪುಕ್ಕ ಬರೋದನ್ನ ಇವತ್ತೇ ನೋಡಿದ್ದು ನಾನು. ಮಲಕ್ಕೋ."

"ನರ್ಸಮ್ಮ, ಎರಡೇ ವಾರ..."

"ಮಲಕ್ಕೋ ಅಂದ್ನಲ್ಲ!"

ಮುಷ್ಟಿ ಕಟ್ಟಿ ಹೊಕ್ಕಳ ಕೆಳಗೆ ಊರಿ ಒತ್ತಿದಳು. ಅವಳು ಹಲ್ಲು ಕಚ್ಚಿದಳು.

"ಮೂರು ತಿಂಗಳು ದಾಟಿದೆ. ವಂಕಿ ಏನಾಯ್ತು?"

"ನೀವೇ ಹಾಕಿದ್ದಲ್ವಾ?"

ಕೆನ್ನೆಗೆ ಬಿತ್ತು. ನರ್ಸಮ್ಮನ ಮುಖ ಬಿಳಚಿತ್ತು.

"ಕಿತ್ತು ಬಿಸಾಕಿದ್ದು ನೀನು. ಹಾಗಂತಲೇ ಬರೀತೀನಿ. ಕೇಳಿದ್ರೆ ನೀನೂ ಹಾಗಂತಲೇ ಹೇಳ್ಬೇಕು. ತಿಳೀತಾ?"

*

ಬೆರಳಿಗೆ ನಿಲ್ಲದ ಲೈನು ಬಟ್ಟೆಗೆ ನಿಂತಿತು.

ಸೀಟಿ ತಾನೇ ಕೆಂಪು ಬಟನ್ ಒತ್ತಿದ. ಸರಪಳಿ ಕಿರುಗುಟ್ಟಿ ನಿಂತಿತು. ಕೋಳಿಗಳು ಸ್ವಲ್ಪ ಹೊತ್ತು ತೂಗಾಡಿ ಸುಮ್ಮನಾದವು. ಪಂಜರವೊಂದನ್ನು ಕರುಳಿನ ಜಾಗದ ಪಕ್ಕ ಬೋರಲು ಹಾಕಿ ಅವಳನ್ನು ಅದರ ಮೇಲೆ ಹತ್ತಿಸಿದರು. ಸೀಟಿ ಚಿಮುಟದಲ್ಲಿ ಬಟ್ಟೆ ಎತ್ತಿ ಹಿಡಿದ.

"ನೋಡ್ರೇ ಎಲ್ರೂ! ಕೋಳಿ ಮುಟ್ಟಾಗಿದೆ!"

ಬಟ್ಟೆಯನ್ನು ಮೂರೂ ಸಾಲಿನ ಕಡೆಗೆ ತಿರುಗಿಸಿ ತೋರಿಸಿದ.

"ಕರುಳಿಗೇ ಕುಡಿ ಒಡೆದಿದೆಯಂತೆ. ಬಸುರು ಇವಳ್ದು, ಹೆರಿಗೆ ಪುಕ್ಕಟೆ, ಕಂಪನಿ ಖರ್ಚಲ್ಲಿ. ಎಂಥಾ ತಲೆ ನೋಡಿ ಸೂಳೇದು!"

ಅವಳ ಕೊರಳಿನ ಗುರುತಿನ ಕಾರ್ಡನ್ನು ಹಿಡಿದು ಎಳೆದ. ದಾರ ಹರಿಯುವ ಮೊದಲು ಕತ್ತಿನ ಹಿಂದೆ ಚರ್ಮ ಕೊಯ್ಯಿತು. ಕಾರ್ಡನ್ನು ನರ್ಸಮ್ಮನ ಕೈಗೆ ಕೊಟ್ಟ. ಕಂಬಿಯ ತುದಿಯನ್ನು ಅವಳ ಹೊಟ್ಟೆಗೆ ಊರಿದ.

"ಯಾರು ಹೇಳ್ಕೊಟ್ಟಿದ್ದು?"

"ನಾನೇ ಮಾಡಿದ್ದು."

"ನಿನ್ನ ಮುಖಕ್ಕೆ ಅಷ್ಟು ಬುದ್ಧಿ ಇಲ್ಲ. ಯಾರು?"

"ನಾನೇ."

ಕಂಬಿ ಇನ್ನಷ್ಟು ಒತ್ತಿತು. ಅವಳು ಮುಂದಕ್ಕೆ ಬಾಗಿದಳು. ಅವನು ಕಂಬಿಯನ್ನು ಕಂಕುಳಿಗೆ ಸಿಕ್ಕಿಸಿ ಅವಳ ಕೂದಲು ಹಿಡಿದು, ಚಿಮುಟ ಬಿಸಾಕಿ, ಬಟ್ಟೆಯನ್ನು ಬಾಯಿಗೆ ತುರುಕಿದ.

"ಹೇಳಲ್ವಾ? ಹಾಗಾದ್ರೆ ಅಗಿ."

"ನಾನು ಕಣಪ್ಪ ಹೇಳ್ಕೊಟ್ಟಿದ್ದು."

ಗುಂಡಿಗೆ ತನ್ನ ಜಾಗ ಬಿಟ್ಟು ಬಂದಿದ್ದಳು. ಕೈಯಲ್ಲಿ ಇನ್ನೂ ಎರಡು ಕೋಳಿ ಗುಂಡಿಗೆ ಇದ್ದವು.

"ನೀನಾ ಮುದುಕಿ?"

"ನಂಗೆ ನಿಂತು ಐದು ವರ್ಷ ಆಯ್ತು. ಅರವತ್ತು ತಿಂಗಳು ನರ್ಸಮ್ಮ ಮೂಸಿ ಮೂಸಿ ಠಸ್ಸೆ ಒತ್ತಿದ್ದು ಕೋಳಿ ರಕ್ತಕ್ಕೆ. ಒಂದ್ಸಲ, ಒಂದೇ ಒಂದ್ಸಲಾನಾದ್ರೂ ಗೊತ್ತಾಯ್ತಾ ಕೇಳು ಮಹಾತಾಯಿಗೆ."

ತೊಳೆಯುವವರ ಕಡೆಯಿಂದ ಒಬ್ಬಳು ಮೂಗಿನಲ್ಲೇ ನಕ್ಕಳು. ಪಕ್ಕದವಳು ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಮೂರೂ ಸಾಲು ನಕ್ಕವು. ಯಂತ್ರ ನಿಂತಿದ್ದರಿಂದ ಆ ನಗು ತಗಡಿನ ಸೂರಿಗೆ ಬಡಿದು ಕೇಳಿಸಿತು. ನರ್ಸಮ್ಮ ಠಸ್ಸೆಯ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಸೀಟಿಯ ಮುಖ ನೋಡಿದಳು.

ಸೀಟಿ ಕಂಬಿ ಬೀಸಿದ. ಅದು ಗುಂಡಿಗೆಯ ಕಿವಿಯ ಮೇಲೆ ಬಿತ್ತು. ಅವಳು ಸದ್ದಿಲ್ಲದೆ ಕುಸಿದಳು. ಕೈಯಲ್ಲಿದ್ದ ಕೋಳಿ ಗುಂಡಿಗೆಗಳು ನೆಲದಲ್ಲಿ ಉರುಳಿ ಚರಂಡಿಯ ಜಾಲರಿಯ ಹತ್ತಿರ ನಿಂತವು. ಹಿಂದೆಯೇ ಅವಳ ತಲೆಯಿಂದ ರಕ್ತ ಹರಿದು ಬಂತು.

ನಗು ನಿಂತಿತ್ತು. ಕತ್ತರಿಯ ದನಿ ಕೇಳಿಸಿತು.

"ಇದಕ್ಕೂ ಒಂದು ಠಸ್ಸೆ ಒತ್ತಿ ನರ್ಸಮ್ಮ."

"ಬಾಯಿ ಮುಚ್ಚೇ!" ಸೀಟಿ ಗುಂಡಿಗೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ. "ಹೋಗ್ರೇ ಜಾಗಕ್ಕೆ. ಲೈನ್ ಬಿಡ್ರೇ!"

ಸೀಟಿ ಊದಲು ಬಾಯಿಗಿಟ್ಟುಕೊಂಡ. ಅವನ ಬೆನ್ನು ಪಂಜರದ ಕಡೆಗಿತ್ತು.

ಅವಳು ಬಾಯಿಯಿಂದ ಬಟ್ಟೆ ಕಿತ್ತಳು. ಪಂಜರದಿಂದ ಇಳಿಯಲಿಲ್ಲ; ಅಲ್ಲಿಂದಲೇ ಬಗ್ಗಿ ಅವನ ಕತ್ತಿನ ಹಿಂದೆ ದಾರದೊಳಗೆ ಎರಡು ಬೆರಳು ತೂರಿಸಿ ಎಳೆದಳು. ಅವನ ಗದ್ದ ಮೇಲಕ್ಕೆ ಹೋಯಿತು. ತಲೆಯ ಹತ್ತಿರವೇ ಒಂದು ಖಾಲಿ ಕೊಕ್ಕೆ ಇತ್ತು. ದಾರವನ್ನು ಅದಕ್ಕೆ ಒಂದು ಸುತ್ತು, ಇನ್ನೊಂದು ಸುತ್ತು ಹಾಕಿದಳು. ಕೋಳಿಯ ಕಾಲು ಸಿಕ್ಕಿಸುವ ಸೀಳಿನಲ್ಲಿ ದಾರ ಕಚ್ಚಿಕೊಂಡಿತು. ಇಷ್ಟಕ್ಕೆ ಮೂರು ಸೆಕೆಂಡು ಹಿಡಿಯಿತು. ಒಂದು ಕೋಳಿಗೆ ಹಿಡಿಯುವಷ್ಟೇ.

ಕತ್ತರಿ, ತುದಿಯಿಲ್ಲದ ಬೆರಳಿನಿಂದ, ಕಂಬದ ಹಸಿರು ಬಟನ್ ಒತ್ತಿದಳು.

ಸರಪಳಿ ಹೊರಟಿತು. ಸೀಟಿ ಹಿಮ್ಮುಖವಾಗಿ ಎರಡು ಹೆಜ್ಜೆ ಇಟ್ಟ, ಜಾರಿದ, ತುದಿಗಾಲಲ್ಲಿ ಮತ್ತೆ ನಿಂತ. ಕಂಬಿ ಕೆಳಗೆ ಬಿತ್ತು. ಒಂದು ಕೈ ಕೊರಳಲ್ಲಿ, ಒಂದು ಕೈ ಕೊಕ್ಕೆಯಲ್ಲಿ. ನೆಲವೆಲ್ಲ ಕೋಳಿಯ ಜಿಡ್ಡು. ಗಂಟು ಬಿಚ್ಚಲು ಎರಡು ಕೈ ಬೇಕು. ಕೊಕ್ಕೆ ಬಿಟ್ಟರೆ ಉಸಿರು ಕಟ್ಟುತ್ತದೆ. ಅವನ ಮುಂದೆ ಕೋಳಿಗಳು, ಹಿಂದೆ ಕೋಳಿಗಳು. ಬಾಯಲ್ಲಿದ್ದ ಸೀಟಿ ಉಸಿರಿಗೊಮ್ಮೆ ಸಣ್ಣಗೆ ಕೂಗುತ್ತಿತ್ತು.

"ನಿಲ್ಸ್ರೇ! ಯಾರಾದ್ರೂ ನಿಲ್ಸ್ರೇ!" ನರ್ಸಮ್ಮ ಕಿರುಚುತ್ತಾ ಕಂಬದ ಕಡೆಗೆ ಓಡಿ ಬಂದಳು.

ಅವಳು ಅಷ್ಟರಲ್ಲಿ ಪಂಜರದಿಂದ ಇಳಿದು ತನ್ನ ಜಾಗದಲ್ಲಿ ನಿಂತಿದ್ದಳು. ಕೆಂಪು ಬಟನ್ ಅವಳ ಬೆನ್ನ ಹಿಂದಿತ್ತು. ತುಟಿಯಲ್ಲಿ ಅಂಟಿದ್ದ ಪುಕ್ಕವನ್ನು ಉಗುಳಿ, ನರ್ಸಮ್ಮನ ಕೈಯಲ್ಲಿದ್ದ ತನ್ನ ಕಾರ್ಡನ್ನು ಕಿತ್ತುಕೊಂಡಳು.

"ಮುಟ್ಟಬೇಡಿ ನರ್ಸಮ್ಮ. ಇದಕ್ಕೆಲ್ಲ ಲೈನ್ ನಿಲ್ಲಲ್ಲ."

ಇಬ್ಬರು ಹೆಂಗಸರು ಗುಂಡಿಗೆಯ ತಲೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು. ಉಳಿದವರೆಲ್ಲ ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದರು. ಯಾರ ಕೈಯೂ ಅಲುಗಲಿಲ್ಲ. ಕರುಳು ತುಂಬಿದ ಕೋಳಿಗಳು ಒಂದೊಂದಾಗಿ ಅವಳ ಮುಂದಿನಿಂದ ಹೋಗುತ್ತಿದ್ದವು.

ಅವಳ ಜಾಗದಿಂದ ಆ ಒಂದಡಿ ಅಗಲದ ಕಿಂಡಿಗೆ ಇಪ್ಪತ್ತೈದು ಅಡಿ. ಸೀಟಿ ಒಂಬತ್ತು ಅಡಿ ದಾಟಿದ್ದ.